ಟು-ಲೆಟ್ ಬೋರ್ಡು, ಮುಚ್ಚಿದ ಕಿಟಕಿ

"ಮೇಲ್ಮನೆಯವರು ಜನವರಿ ಕೊನೆಗೆ ಖಾಲಿ ಮಾಡ್ತಾರಂತೆ ಕಣೇ. ಬೋರ್ಡು ಈಗಲೇ ಹಾಕಿಬಿಡಲಾ, ಸಂಕ್ರಾಂತಿ ಕಳೀಲಿ ಅಂತ ಬಿಡಲಾ?"

ಪಕ್ಕದ ಮನೆ ಅಕ್ಕ ಕಾಂಪೌಂಡಿನ ಆಚೆ ದಾಸವಾಳ ಬಿಡಿಸುತ್ತಾ ಕೇಳಿದರು. ಮೈಸೂರಿನಲ್ಲಿ ಇದು ಯೋಚನೆ ಮಾಡಬೇಕಾದ ಪ್ರಶ್ನೆಯೇ. ಧನುರ್ಮಾಸದಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವವರು ಕಡಿಮೆ, ಪುಷ್ಯವೂ ಬೇಡ ಅನ್ನುವವರು ಬಹಳ. ಆದರೆ ಮನೆ ನೋಡುವುದಕ್ಕೆ ಯಾವ ಮಾಸದ ಅಡ್ಡಿಯೂ ಇಲ್ಲವಲ್ಲ. ಡಿಸೆಂಬರ್‌ನಲ್ಲಿ ಬೀದಿ ಬೀದಿ ಸುತ್ತಿ ಬೋರ್ಡು ನೋಡಿ, ಅಡ್ವಾನ್ಸ್ ಮಾತಾಡಿಟ್ಟು, ಮಾಘ ಬಂದ ಮೇಲೆ ಸಾಮಾನು ಸಾಗಿಸುವುದು ನಮ್ಮ ಕಡೆ ಅನೇಕರ ರೂಢಿ. ಹೀಗಾಗಿ ಚಳಿಗೆ ಹೆದರಿ ಕಿಟಕಿಗಳೆಲ್ಲ ಮುಚ್ಚಿಕೊಂಡಿರುವ, ಮನೆಗೊಬ್ಬರಾದರೂ ಕೆಮ್ಮುತ್ತಿರುವ ಕಾಲವೇ, ಗುರುತು ಪರಿಚಯ ಇಲ್ಲದವರು ಮನೆ ಮನೆ ಹೊಕ್ಕು ನೋಡುವ ಕಾಲವೂ ಆಗಿದೆ.

"ಹಾಕಿ ಅಕ್ಕ. ಆದ್ರೆ ಮೇಲಿನ ಮಗೂಗೆ ಮೊನ್ನೆಯಿಂದ ಜ್ವರ ಅಂತ ಅವರ ಅಜ್ಜಿ ಹೇಳ್ತಿದ್ರು. ಮೊದಲು ಅವರನ್ನೊಂದು ಮಾತು ಕೇಳಿ" ಅಂದೆ.

"ಕೇಳೋದೇನೇ? ಮನೆ ನಮ್ಮದೇ ತಾನೆ?"

"ಮನೆ ನಿಮ್ಮದೇ ಅಕ್ಕ. ಅವರು ಖಾಲಿ ಮಾಡೋವರೆಗೂ ಸಂಸಾರ ಅವರದು."

ಅಕ್ಕ ಹೂವಿನ ಬುಟ್ಟಿಯನ್ನು ಕಾಂಪೌಂಡಿನ ಮೇಲೆ ಇಟ್ಟರು. ಬುಟ್ಟಿ ಕೆಳಗಿಟ್ಟರೆ ಮಾತು ಬೇಗ ಮುಗಿಯುವುದಿಲ್ಲ. ನನಗೂ ಹೇಳುವುದು ಸಾಕಷ್ಟಿತ್ತು.

ನೋಟಿಸ್ ಕೊಟ್ಟ ಮೇಲಿನ ಕೊನೆಯ ತಿಂಗಳು ಬಾಡಿಗೆದಾರರಿಗೆ ಎಷ್ಟು ಕಷ್ಟದ್ದು ಅನ್ನುವುದು ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತು. ಊಟಕ್ಕೆ ಕೂತಿರುವಾಗ ಬ್ರೋಕರ್ ಬಾಗಿಲು ಬಡಿಯುತ್ತಾರೆ. ಅವರ ಹಿಂದೆ ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಾಸ್ತು ನೋಡುವುದಕ್ಕೆಂದು ಬಂದ ಮಾವನವರು. ಎಲ್ಲರೂ ನೇರವಾಗಿ ಮಲಗುವ ಕೋಣೆಗೇ ನುಗ್ಗುತ್ತಾರೆ. ಒಬ್ಬರು ಬೀರು ಇಡುವ ಗೋಡೆಯನ್ನು ಗೇಣಿನಲ್ಲಿ ಅಳೆಯುತ್ತಾರೆ, ಒಬ್ಬರು ನಲ್ಲಿ ತಿರುಗಿಸಿ ನೋಡುತ್ತಾರೆ, ಮಕ್ಕಳು ಸ್ವಿಚ್ಚುಗಳನ್ನೆಲ್ಲ ಒತ್ತುತ್ತಾರೆ. ಜ್ವರದ ಮಗು ಹೊದ್ದಿಕೊಂಡು ಮಲಗಿರುತ್ತದೆ. ಅದರ ತಾಯಿ ನೈಟಿಯ ಮೇಲೊಂದು ಟವೆಲ್ ಎಳೆದುಕೊಂಡು ಅಡುಗೆಮನೆಯ ಬಾಗಿಲ ಮರೆಗೆ ಸರಿಯುತ್ತಾಳೆ. ಬೇಡ ಅನ್ನುವ ಹಾಗಿಲ್ಲ, ಅಡ್ವಾನ್ಸ್ ಹಣ ಇನ್ನೂ ಓನರ್ ಕೈಯಲ್ಲಿದೆ.

ಇದು ಬರೀ ಮರ್ಯಾದೆಯ ಮಾತಲ್ಲ. ರಾಜ್ಯಗಳು ಅನುಸರಿಸಲಿ ಎಂದು ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ, ಬಾಡಿಗೆದಾರರು ವಾಸವಿರುವ ಮನೆಯೊಳಗೆ ಹೋಗಬೇಕಾದರೆ ಮಾಲೀಕರು ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು ಎಂದಿದೆ. ಫೋನಿನಲ್ಲಿ ಒಂದು ಮೆಸೇಜ್ ಹಾಕಿದರೂ ಆಯಿತು. ಆರೋಗ್ಯ ಕೆಟ್ಟಿರುವ ಮನೆಗೆ ಆ ಒಂದು ದಿನದ ಬಿಡುವು ದೊಡ್ಡದು. "ನಾಳೆ ಬೇಡ, ಮಗು ಚೇತರಿಸಿಕೊಳ್ಳಲಿ" ಅನ್ನುವುದಕ್ಕೆ ಅವರಿಗೊಂದು ದಾರಿ ಸಿಗುತ್ತದೆ.

"ಜ್ವರ ಬಿಟ್ಟ ಮೇಲೆ ಕರ್ಕೊಂಡು ಹೋದ್ರಾಯ್ತಲ್ವಾ ಹಾಗಾದ್ರೆ?" ಅಕ್ಕ ಕೇಳಿದರು.

"ಬಿಟ್ಟ ಮಾರನೇ ದಿನವೇ ಬೇಡ ಅಕ್ಕ."

ಫ್ಲೂ ಬಂದವರು ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನದಿಂದಲೇ ಅದನ್ನು ಇನ್ನೊಬ್ಬರಿಗೆ ದಾಟಿಸಬಲ್ಲರು. ಆಮೇಲೂ ಐದರಿಂದ ಏಳು ದಿನ ಆ ಸಾಧ್ಯತೆ ಇರುತ್ತದೆ, ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು ದಿನ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಮತ್ತೊಮ್ಮೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್3ಎನ್2 ಫ್ಲೂ ಸೋಂಕಿನಿಂದ ತೀರಿಕೊಂಡಿದ್ದನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದೆವು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೋವಿಡ್‌ನ ಜೆಎನ್.1 ತಳಿಯ ಸುದ್ದಿ ಬಂದಾಗ, 60 ದಾಟಿದವರು ಮಾಸ್ಕ್ ಹಾಕಿಕೊಳ್ಳಿ ಎಂದು ರಾಜ್ಯ ಸರ್ಕಾರ ಹೇಳಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಎಂಬ ಉಸಿರಾಟದ ವೈರಾಣು ಕಂಡುಬಂದಿತ್ತು. ಒಂದೊಂದು ಸಲ ಒಂದೊಂದು ಹೆಸರು, ಈ ಮೂರೂ ಸುದ್ದಿಯಾಗಿದ್ದು ಮಾತ್ರ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲಿ. ಅಕ್ಕನಿಗೂ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ ಇದೆ. ಮನೆ ತೋರಿಸುವುದಕ್ಕೆ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ, ಹತ್ತಾರು ಜನರ ಜೊತೆ ಮುಚ್ಚಿದ ಕೋಣೆಯಲ್ಲಿ ನಿಂತು ಮಾತಾಡುವವರು ಅವರೇ. ಮೇಲಿನ ಮಗುವಿನ ಬಗ್ಗೆ ನನಗೆ ಎಷ್ಟು ಯೋಚನೆಯೋ ಅಕ್ಕನ ಬಗ್ಗೆಯೂ ಅಷ್ಟೇ.

ಮಗು ಮತ್ತೆ ಅಂಗಳಕ್ಕಿಳಿದು ಆಡತೊಡಗಿದ ಮೇಲೆ, ಅವರ ಒಪ್ಪಿಗೆ ಪಡೆದು ನಾವಿಬ್ಬರೂ ಮೇಲೆ ಹೋದೆವು. ಜನ ಬಂದು ನೋಡುವ ಮೊದಲು ನಾವು ನೋಡಬೇಕಲ್ಲ. ಹಾಲ್ ಚೊಕ್ಕಟವಾಗಿತ್ತು. ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಸ್ವಲ್ಪ ಒಸರು, ಅಷ್ಟೇ. ಬಚ್ಚಲುಮನೆಯ ಬಾಗಿಲು ತೆಗೆದಾಗ ಮಾತ್ರ ನಾನು ಅಲ್ಲೇ ನಿಂತುಬಿಟ್ಟೆ.

ಒಬ್ಬರು ಕೂತು ಒಬ್ಬರು ನೀರು ಹಾಕುವಷ್ಟು ಜಾಗ. ಗೋಡೆಯ ಮೇಲೆ ಗ್ಯಾಸ್ ಗೀಸರ್, ಅದರ ಕೆಳಗೇ ಮೂಲೆಯಲ್ಲಿ ಸಿಲಿಂಡರು. ಎತ್ತರದಲ್ಲಿ ಚಿಕ್ಕದೊಂದು ವೆಂಟಿಲೇಟರ್, ನಾಲ್ಕು ಗಾಜಿನ ಪಟ್ಟಿ. ಆ ಪಟ್ಟಿಗಳ ಸಂದಿಗೆಲ್ಲ ಹಳೇ ಪೇಪರ್ ಮಡಚಿ ತುರುಕಿ, ಮೇಲೆ ಅಗಲವಾದ ಕಂದು ಟೇಪು ಅಂಟಿಸಿದ್ದರು. ಹಬೆಗೆ ಟೇಪಿನ ಅಂಚು ಸುರುಟಿತ್ತು, ಪೇಪರ್ ಅರ್ಧ ಒದ್ದೆಯಾಗಿ ಗಾಜಿಗೆ ಮೆತ್ತಿಕೊಂಡಿತ್ತು. ಬೆಳಕು ಕೂಡ ಮಂಕಾಗಿ ಬರುತ್ತಿತ್ತು.

"ಮಗೂಗೆ ಸ್ನಾನ ಮಾಡಿಸುವಾಗ ತಣ್ಣನೆ ಗಾಳಿ ಹೊಡೀತದೆ ಅಂತ ನಾನೇ ಹಾಕಿಸ್ದೆ ಕಣಮ್ಮ" ಅಂದರು ಅಜ್ಜಿ. ಆಮೇಲೆ ತಾವಾಗಿಯೇ ಹೇಳಿದರು: "ಈಚೆಗೆ ಸ್ನಾನ ಮಾಡಿಸಿ ಈಚೆ ಬಂದ್ರೆ ತಲೆ ದಿಮ್ಮಂತದೆ, ಹೊಟ್ಟೆ ತೊಳಸ್ತದೆ. ನಂಗೂ ಶೀತ ಹಿಡೀತಾ ಇರಬೇಕು."

ಶೀತ ಅಲ್ಲದೆಯೂ ಇರಬಹುದು ಅಂತ ನನಗೆ ಅನ್ನಿಸಿದ್ದು ಆಗ. ಗ್ಯಾಸ್ ಉರಿಯುವುದಕ್ಕೆ ಆಮ್ಲಜನಕ ಬೇಕು. ಗಾಳಿಯಾಡದ ಚಿಕ್ಕ ಬಚ್ಚಲಿನಲ್ಲಿ ಗೀಸರ್ ಉರಿಯುತ್ತಾ ಹೋದ ಹಾಗೆ ಆಮ್ಲಜನಕ ಕಡಿಮೆಯಾಗಿ, ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ಸಿಲಿಂಡರ್ ಸೋರಿದರೆ ನಮಗೆ ವಾಸನೆ ಬಡಿಯುವುದು ಅದಕ್ಕೆಂದೇ ಬೆರೆಸಿದ ಘಾಟಿನ ರಾಸಾಯನಿಕದಿಂದ. ಗ್ಯಾಸ್ ಉರಿದ ಮೇಲೆ ಹುಟ್ಟುವ ವಿಷಕ್ಕೆ ಆ ಘಾಟೂ ಇರುವುದಿಲ್ಲ. ಉಸಿರಿನ ಜೊತೆ ಒಳಗೆ ಹೋದರೆ ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಹೆಚ್ಚಾದರೆ ಕೈಕಾಲು ಸೋತು, ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಇಲ್ಲದೆ ಅಲ್ಲೇ ಕುಸಿಯುತ್ತಾರೆ. ಚಳಿಗಾಲ ಬಂತೆಂದರೆ ಇಂಥ ಸಾವಿನ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಕಾಣುತ್ತಲೇ ಇರುತ್ತದೆ. ಓದುವಾಗ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಇವು ತಪ್ಪಿಸಬಹುದಾಗಿದ್ದ ಸಾವುಗಳು.

ಕಾಯಿಲೆಯ ಕಾಲದಲ್ಲಿ ಅಪಾಯ ಇನ್ನೂ ಒಂದು ಪಟ್ಟು ಹೆಚ್ಚು. ತಲೆನೋವು, ವಾಕರಿಕೆ, ಸುಸ್ತು ಅಂದರೆ ಎಲ್ಲರೂ ಫ್ಲೂ ಅಂತಲೇ ಅಂದುಕೊಳ್ಳುತ್ತಾರೆ. ಶುಂಠಿ ಕಷಾಯ ಕುಡಿದು, ಕಿಟಕಿಯನ್ನು ಇನ್ನೂ ಭದ್ರವಾಗಿ ಮುಚ್ಚಿ ಮಲಗುತ್ತಾರೆ. ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ ನೋಡಿದರೂ ಸುಳಿವು ಸಿಗುವುದಿಲ್ಲ. ಆ ಯಂತ್ರಕ್ಕೆ ಹಿಮೋಗ್ಲೋಬಿನ್‌ಗೆ ಅಂಟಿದ್ದು ಆಮ್ಲಜನಕವೋ ಮಾನಾಕ್ಸೈಡೋ ಎಂದು ಬೇರ್ಪಡಿಸುವುದು ಗೊತ್ತಾಗುವುದಿಲ್ಲ. 98, 99 ಅಂತಲೇ ತೋರಿಸಬಹುದು. ಗಮನಿಸಬೇಕಾದ ಗುರುತುಗಳೇ ಬೇರೆ. ಜ್ವರ ಇಲ್ಲದೆ ತಲೆನೋವು ಬಂದರೆ, ಸ್ನಾನದ ಹೊತ್ತಿಗೇ ಬಂದರೆ, ಮನೆಯವರೆಲ್ಲರಿಗೂ ಒಟ್ಟಿಗೇ ಬಂದರೆ, ಹೊರಗೆ ಹೋಗಿ ಕೂತಾಗ ಹಗುರವಾದರೆ, ಅದನ್ನು ಶೀತ ಅಂತ ತಳ್ಳಿಹಾಕಬಾರದು.

ಹಿಂದೆ ಬಚ್ಚಲಲ್ಲಿ ಹಂಡೆ ಒಲೆ ಇದ್ದಾಗ ಸೌದೆಯ ಹೊಗೆ ಕಣ್ಣಿಗೆ ಚುಚ್ಚುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ಬಾಗಿಲು ತೆಗೆಯುತ್ತಿದ್ದೆವು. ಮಾಡಿನಲ್ಲಿ ಹೊಗೆ ಹೋಗುವ ದಾರಿಯನ್ನೂ ಬಿಟ್ಟಿರುತ್ತಿದ್ದರು. ಈಗ ಬಚ್ಚಲುಮನೆ ಚಿಕ್ಕದಾಗಿದೆ, ಉರಿ ಸ್ವಚ್ಛವಾಗಿ ನೀಲಿಯಾಗಿ ಕಾಣುತ್ತದೆ, ಎಚ್ಚರಿಸುವ ಹೊಗೆಯೇ ಇಲ್ಲ. ಗಾಳಿಗೆ ದಾರಿ ಬಿಡುವ ಜವಾಬ್ದಾರಿ ಈಗ ನಮ್ಮ ತಿಳಿವಳಿಕೆಯ ಮೇಲೆ ಬಿದ್ದಿದೆ.

ಅಜ್ಜಿ ಕೇಳಿ ಕಂಗಾಲಾದರು. "ಅಯ್ಯೋ, ಮಗೂ ಪ್ರಾಣಕ್ಕೇ ತಂದುಬಿಡ್ತಿದ್ನಲ್ಲಮ್ಮ." ಅವರ ಕೈ ಹಿಡಿದು ಹೇಳಿದೆ: ನೀವು ಮಗುವಿನ ಮೇಲಿನ ಅಕ್ಕರೆಗೆ ಮಾಡಿದಿರಿ, ಯಾರಾದರೂ ಮುಂಚೆಯೇ ಹೇಳಬೇಕಿತ್ತು. ಗೀಸರನ್ನು ಬಚ್ಚಲೊಳಗೆ ಕೂರಿಸಿದವರು ಅವರಲ್ಲ, ಮನೆ ಕಟ್ಟಿಸಿದ ಮೇಲೆ ಯಾವಾಗಲೋ ಫಿಟ್ ಮಾಡಿಹೋದವರು. ಇನ್ನೊಂದನ್ನೂ ಕೇಳಿದೆ, ಮಗುವಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹಿಡಿಯುತ್ತೀರಾ ಅಂತ. ಹೌದು, ಕೋಣೆಯ ಬಾಗಿಲು ಹಾಕಿಕೊಂಡು, ಇದ್ದಿಲ ಕೆಂಡದ ಮೇಲೆ. ಆ ಕೆಂಡದಿಂದಲೂ ಹೊರಡುವುದು ಅದೇ ಮಾನಾಕ್ಸೈಡ್. ರಾತ್ರಿ ಬೆಚ್ಚಗಿರಲಿ ಎಂದು ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯೊಳಗೆ ಇಟ್ಟುಕೊಂಡರಂತೂ ಬೆಳಿಗ್ಗೆ ಏಳುವ ಖಾತ್ರಿಯಿಲ್ಲ. ಬೆಚ್ಚಗಿಡಲು ಸ್ವೆಟರ್ ಇದೆ, ಕಂಬಳಿ ಇದೆ, ಕುಲಾವಿ ಇದೆ. ಕೆಂಡ ಮಾತ್ರ ಕೋಣೆಯಿಂದ ಹೊರಗಿರಲಿ.

ಟೇಪು ಅಲ್ಲೇ ಕಿತ್ತೆವು. ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ಗೀಸರ್ ಮುಟ್ಟಬೇಡಿ, ಅಡುಗೆಮನೆ ಕಿಟಕಿ ತೆಗೆದು ಒಲೆ ಮೇಲೆ ನೀರು ಕಾಯಿಸಿ ಬಕೆಟ್‌ನಲ್ಲಿ ತನ್ನಿ ಅಂತ ಹೇಳಿದೆವು. ಅಜ್ಜಿಯನ್ನು ಡಾಕ್ಟರಿಗೆ ತೋರಿಸಿ, ಬಚ್ಚಲಿನ ವಿಷಯ ಮರೆಯದೆ ಹೇಳಿ ಎಂದು ಅವರ ಮಗನಿಗೆ ಫೋನ್ ಮಾಡಿದೆವು. ಯಾರಾದರೂ ಹಾಗೆ ಬಚ್ಚಲಲ್ಲಿ ಕುಸಿದರೆ ಗ್ಯಾಸ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಅವರನ್ನು ಬಯಲು ಗಾಳಿಗೆ ಎಳೆದು ತಂದು 108ಕ್ಕೆ ಫೋನ್ ಮಾಡಬೇಕು. ಬರೀ ಗಾಳಿಯಲ್ಲಿ ರಕ್ತದಿಂದ ಅರ್ಧ ವಿಷ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಅದಕ್ಕೇ "ಎದ್ದು ಕೂತರಲ್ಲ, ಇನ್ನೇನಿಲ್ಲ" ಅಂತ ಮನೆಯಲ್ಲೇ ಇಟ್ಟುಕೊಳ್ಳಬಾರದು. ಸಿಲಿಂಡರ್ ಸೋರುವ ವಾಸನೆ ಬಂದರೆ 1906, ಅದು ಅಡುಗೆ ಅನಿಲದ ತುರ್ತು ಸಹಾಯವಾಣಿ. ಎರಡು ನಂಬರನ್ನೂ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದೆ.

ಕೆಳಗಿಳಿಯುವಾಗ ಅಕ್ಕ ಮೆಲ್ಲಗೆ ಕೇಳಿದರು: "ಗೀಸರ್ ಈಚೆ ಹಾಕಿಸೋದು ಹೊಸಬರು ಬರುವಾಗ ಮಾಡಿಸಿದ್ರೆ ಆಗಲ್ವೇನೇ? ಹೇಗೂ ಪೇಂಟಿಂಗ್ ಇದೆ."

"ಇವರು ಇನ್ನೂ ಒಂದು ತಿಂಗಳು ಅಲ್ಲೇ ಸ್ನಾನ ಮಾಡ್ಬೇಕಲ್ಲ ಅಕ್ಕ" ಅಂದೆ.

ಅಕ್ಕ ಮತ್ತೆ ಮಾತಾಡಲಿಲ್ಲ. ಆ ವಾರವೇ ಪ್ಲಂಬರ್ ಬಂದರು. ಗೀಸರ್, ಸಿಲಿಂಡರ್ ಎರಡೂ ಹೊರಗಿನ ಯುಟಿಲಿಟಿ ಬಾಲ್ಕನಿಗೆ ಹೋದವು. ಗೋಡೆಯಲ್ಲೊಂದು ತೂತು, ಬಿಸಿನೀರಿನ ಪೈಪ್ ಮಾತ್ರ ಒಳಗೆ. ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದರು. ಖರ್ಚೆಲ್ಲ ಒಂದು ತಿಂಗಳ ಬಾಡಿಗೆಯೊಳಗೆ ಮುಗಿಯಿತು. ಬಿಡುವವರಿಗಾಗಿ ಯಾಕೆ ಖರ್ಚು ಅನ್ನುವ ಮಾತು ಓನರ್‌ಗಳ ಬಾಯಲ್ಲಿ ಸಾಮಾನ್ಯ. ಅಕ್ಕ ಅದನ್ನು ದಾಟಿ ನಡೆದುಕೊಂಡರು, ಅದಕ್ಕೆ ನನಗೆ ಅವರ ಮೇಲೆ ಗೌರವ ಇನ್ನಷ್ಟು ಹೆಚ್ಚಾಯಿತು.

ಇನ್ನು ತೋರಿಸುವ ವಿಚಾರ. ಬೋರ್ಡಿನ ಮೇಲೆ ಫೋನ್ ನಂಬರಿನ ಕೆಳಗೆ ಒಂದು ಸಾಲು ಸೇರಿಸಿದೆವು: "ಮನೆ ನೋಡುವ ಸಮಯ ಬೆಳಿಗ್ಗೆ 10ರಿಂದ ಸಂಜೆ 4. ಮುಂಚೆ ಫೋನ್ ಮಾಡಿ ಬನ್ನಿ." ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬಿಸಿಲಿರುವಾಗ ಬಂದರೆ ಕಿಟಕಿ ಬಾಗಿಲೆಲ್ಲ ತೆರೆದಿಟ್ಟರೂ ಯಾರಿಗೂ ನಡುಕ ಬರುವುದಿಲ್ಲ. ಎದುರುಬದುರಿನ ಎರಡು ಕಿಟಕಿ ತೆಗೆದರೆ ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತದೆ; ಒಂದೇ ಕಿಟಕಿ ತೆಗೆದರೆ ಅಷ್ಟು ಪ್ರಯೋಜನ ಇಲ್ಲ. ಒಂದು ಸಲಕ್ಕೆ ಒಂದು ಮನೆಯವರು ಮಾತ್ರ. ಅವರು ನೋಡುವಷ್ಟು ಹೊತ್ತು ಮೇಲಿನವರು ಟೆರೇಸಿಗೋ ಅಕ್ಕನ ಜಗುಲಿಗೋ ಬಂದು ಕೂರಬಹುದು. ಬೀರು, ಕಪಾಟು ತೆರೆದು, ದೀಪದ ಸ್ವಿಚ್ಚು ಹಾಕಿ ಅಕ್ಕನೇ ಮೊದಲೇ ಇಟ್ಟರೆ ಬಂದವರು ಮುಟ್ಟುವುದು ಕಡಿಮೆಯಾಗುತ್ತದೆ. ಫ್ಲೂ ವೈರಾಣು ಸ್ಟೀಲು, ಪ್ಲಾಸ್ಟಿಕ್‌ನಂಥ ನುಣುಪು ಮೈಯ ಮೇಲೆ ಒಂದೆರಡು ದಿನ ಬದುಕಿರಬಲ್ಲದು. ಅವರು ಹೋದ ಮೇಲೆ ಚಿಲಕ, ನಲ್ಲಿ, ಬೀಗದ ಕೈ ಒಮ್ಮೆ ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ನಮ್ಮ ಕೈ ಚೆನ್ನಾಗಿ ತೊಳೆದುಕೊಂಡರೆ ಆಯಿತು. ಅಕ್ಕನಿಗೆ ಮಾಸ್ಕ್. ಕೆಮ್ಮುತ್ತಾ ಬಂದವರಿಗೆ ಅಂಗಳದಲ್ಲೇ ಕುರ್ಚಿ ಹಾಕಿ, ಫೋನಿನಲ್ಲಿ ತೆಗೆದಿಟ್ಟ ವಿಡಿಯೋ ತೋರಿಸಿ, "ಹುಷಾರಾದ ಮೇಲೆ ಬನ್ನಿ, ಅಲ್ಲೀವರೆಗೆ ಯಾರಿಗೂ ಮಾತು ಕೊಡಲ್ಲ" ಅಂದರು ಅಕ್ಕ. ಆ ಕೊನೆಯ ಮಾತು ದೊಡ್ಡದು. ಮನೆ ಕೈತಪ್ಪುತ್ತದೆ ಅನ್ನುವ ಭಯಕ್ಕೇ ಜನ ಜ್ವರದಲ್ಲೂ ಬರುತ್ತಾರೆ. ಆ ಭಯ ತೆಗೆದರೆ ಅವರೇ ಮನೆಯಲ್ಲಿ ಉಳಿದುಕೊಳ್ಳುತ್ತಾರೆ.

ಒಬ್ಬರೇ ಇರುವ ಹೆಂಗಸು ಅಪರಿಚಿತರಿಗೆ ಮನೆ ತೋರಿಸುವಾಗ ನೋಡಿಕೊಳ್ಳಬೇಕಾದ್ದು ಇನ್ನೂ ಇದೆ. ಬಂದವರ ಹೆಸರು, ಕೆಲಸ, ಈಗಿರುವ ಮನೆ ಎಲ್ಲಿ ಅಂತ ಫೋನಿನಲ್ಲೇ ಕೇಳಿಕೊಳ್ಳುವುದು. ಅವರು ಬಂದಾಗ ನನ್ನನ್ನು ಕಾಂಪೌಂಡಿನಿಂದ ಒಂದು ಕೂಗು ಕರೆಯುವುದು. ಕೋಣೆಗಳಿಗೆ ಅವರನ್ನು ಮುಂದೆ ಬಿಟ್ಟು, ತಾವು ಬಾಗಿಲ ಬಳಿಯೇ ನಿಲ್ಲುವುದು. ಪಕ್ಕದ ಮನೆಯವರು ಹೊರಗೆ ಬಂದು ನಿಂತಿದ್ದಾರೆ ಅನ್ನುವುದೇ ದೊಡ್ಡ ರಕ್ಷಣೆ.

ಮೇಲಿನವರು ಹೋದ ಮೇಲೆ ಮಾಘದವರೆಗೆ ಮನೆ ಖಾಲಿ ಇರುತ್ತದೆ. ಖಾಲಿ ಮನೆಗೆ ಬೀಗ ಹಾಕಿದರೆ ಕೆಲಸ ಮುಗಿಯಿತು ಅಂತಲ್ಲ. ಬಚ್ಚಲು, ಸಿಂಕಿನ ಬಾಗು ಪೈಪಿನಲ್ಲಿ ಸದಾ ಒಂದಿಷ್ಟು ನೀರು ನಿಂತು ಚರಂಡಿಯ ವಾಸನೆಯನ್ನು, ಜಿರಲೆಯನ್ನು ತಡೆಯುತ್ತದೆ. ಬಳಸದಿದ್ದರೆ ಆ ನೀರು ಆರಿಹೋಗುತ್ತದೆ. ವಾರಕ್ಕೊಂದು ಚೊಂಬು ನೀರು ಹಾಕಿದರೆ ಸಾಕು. ಹಾಗೇ ನಲ್ಲಿಗಳನ್ನೆಲ್ಲ ಒಮ್ಮೆ ತಿರುಗಿಸಿ ನಿಂತ ನೀರು ಹರಿಯಬಿಡಬೇಕು. ಕರೆಂಟ್ ಗೀಸರ್ ಇರುವ ಮನೆಗಳಲ್ಲಿ ಬಿಸಿನೀರಿನ ನಲ್ಲಿಯಲ್ಲಿ ನೀರು ಬರುವುದನ್ನು ನೋಡಿಯೇ ಸ್ವಿಚ್ ಹಾಕಬೇಕು. ತೊಟ್ಟಿ ಖಾಲಿ ಇದ್ದಾಗ ಹಾಕಿದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ಅರ್ಥಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸಿ. ಸಂಪು, ಟೆರೇಸಿನ ಟ್ಯಾಂಕು, ಬಿಟ್ಟುಹೋದ ಹೂಕುಂಡದ ತಟ್ಟೆ, ಇವುಗಳಲ್ಲಿ ನಿಂತ ನೀರಿನಲ್ಲಿ ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಎಂಟು ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡವನ್ನೂ ಗೊತ್ತುಮಾಡಿತು. ದಂಡ ಹಾಗಿರಲಿ, ನಮ್ಮ ಖಾಲಿ ಮನೆಯ ಸೊಳ್ಳೆ ಕಚ್ಚುವುದು ಪಕ್ಕದ ಮನೆಯ ಮಕ್ಕಳನ್ನು.

ಅಕ್ಕನ ಮನೆಗೆ ಈಗ ಒಂದು ಕುಟುಂಬ ಒಪ್ಪಿಕೊಂಡಿದೆ. ಅಗ್ರಿಮೆಂಟಿನಲ್ಲಿ ಎರಡು ಮಾತು ಹೆಚ್ಚಿಗೆ ಬರೆಸಿ ಅಂತ ಅಕ್ಕನಿಗೆ ಹೇಳಿದ್ದೇನೆ. ಬಚ್ಚಲುಮನೆಯ ವೆಂಟಿಲೇಟರ್ ಯಾರೂ ಮುಚ್ಚುವಂತಿಲ್ಲ ಅನ್ನುವುದು ಬಾಡಿಗೆದಾರರಿಗೆ. ಹಿಂದಿನ ದಿನ ತಿಳಿಸದೆ ಯಾರನ್ನೂ ಮನೆ ತೋರಿಸಲು ಕರೆತರುವಂತಿಲ್ಲ, ಮನೆಯಲ್ಲಿ ಕಾಯಿಲೆ ಇದ್ದರೆ ಅವರು ಬೇರೆ ದಿನ ಕೇಳಬಹುದು ಅನ್ನುವುದು ಓನರ್‌ಗೆ. ಅಕ್ಕ ಎರಡಕ್ಕೂ ಒಪ್ಪಿದ್ದಾರೆ.

ಈ ಚಳಿಗಾಲದಲ್ಲಿ ನೀವೂ ಮನೆ ಹುಡುಕುತ್ತಿದ್ದರೆ ನನ್ನದೊಂದು ಮಾತು ಕೇಳಿ. ಬಾಡಿಗೆ ಎಷ್ಟು, ನೀರು ದಿನಾ ಬರುತ್ತಾ ಅಂತ ಕೇಳುವ ಮೊದಲು ಬಚ್ಚಲುಮನೆಗೆ ಹೋಗಿ ಗೀಸರ್ ಯಾವುದು, ಎಲ್ಲಿದೆ ನೋಡಿ. ತಲೆಯೆತ್ತಿ ವೆಂಟಿಲೇಟರ್ ನೋಡಿ. ಅದು ಮುಚ್ಚಿದ್ದರೆ ಅಲ್ಲೇ ನಿಂತು ತೆಗೆಸಿ. ನೀವು ಆ ಮನೆ ಹಿಡಿಯದಿದ್ದರೂ ಪರವಾಗಿಲ್ಲ, ಆ ರಾತ್ರಿ ಅಲ್ಲಿ ಮಲಗುವವರು ಬೇರೆ ಯಾರೋ ಇದ್ದಾರೆ.